ನೆಟ್ ಎಲ್ಲಿ ತುಂಡಾಗಿದೆ? ಕಂಪ್ಯೂಟರ್ ಮತ್ತು ನೆಟ್‌ವರ್ಕ್ ತೊಂದರೆಯ ಮೂಲ ಹಿಡಿಯುವ ಕ್ರಮ

"ನೆಟ್ ಬರ್ತಿಲ್ಲ" ಅಂದಾಗ ಕೆಟ್ಟಿರುವುದು ಕನಿಷ್ಠ ಆರು ಜಾಗಗಳಲ್ಲಿ ಯಾವುದೂ ಆಗಿರಬಹುದು: ಲ್ಯಾಪ್‌ಟಾಪಿನ ವೈಫೈ ಕಾರ್ಡ್, ಅಲ್ಲಿಂದ ರೂಟರ್‌ವರೆಗಿನ ಸಿಗ್ನಲ್ ಅಥವಾ ಕೇಬಲ್, ರೂಟರ್, ರೂಟರಿನಿಂದ ಆಚೆಗೆ ಹೋಗುವ ಫೈಬರ್, ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್, ಕೊನೆಗೆ ಆ ಕಡೆಯ ವೆಬ್‌ಸೈಟ್. ಪರದೆಯ ಮೇಲೆ ಮಾತ್ರ ಎಲ್ಲದಕ್ಕೂ ಒಂದೇ ಲಕ್ಷಣ, ಪುಟ ತೆರೆಯುವುದಿಲ್ಲ. ಹಾಗಾಗಿ ಹೆಚ್ಚಿನವರು ತೋಚಿದ್ದನ್ನೆಲ್ಲ ಒಟ್ಟಿಗೆ ಮಾಡುತ್ತಾರೆ. ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ, ಡ್ರೈವರ್ (ವೈಫೈ ಕಾರ್ಡಿನಂಥ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಅನ್‌ಇನ್‌ಸ್ಟಾಲ್ ಮಾಡುತ್ತಾರೆ, ಡಿಎನ್‌ಎಸ್ ಬದಲಿಸುತ್ತಾರೆ. ಇಷ್ಟಾದ ಮೇಲೆ ನೆಟ್ ಬಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಬರದಿದ್ದರೆ ಹಳೆಯ ತೊಂದರೆಯ ಜೊತೆಗೆ ಎರಡು ಹೊಸವು ಸೇರಿಕೊಂಡಿರುತ್ತವೆ.

ಇದರಲ್ಲಿ ಅತಿ ದುಬಾರಿ ತಪ್ಪು ರೂಟರಿನ ಹಿಂಬದಿಯ ಸಣ್ಣ ತೂತಿನೊಳಗಿರುವ ರೀಸೆಟ್ ಗುಂಡಿ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರವಲ್ಲ, ಸೇವೆ ಕೊಡುವ ಕಂಪನಿಯ ಸಂಪರ್ಕಕ್ಕೆ ಹಾಕಿದ್ದ ಯೂಸರ್‌ನೇಮ್ ಕೂಡ ಅಳಿಸಿಹೋಗುತ್ತದೆ. ಆ ವಿವರ ನಿಮ್ಮ ಬಳಿ ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ತಂತ್ರಜ್ಞ ಬರುವವರೆಗೆ ಕಾಯಬೇಕು.

ಕ್ರಮ ಸರಳ: ಮೊದಲು ತುಂಡಾದ ಜಾಗ ಗೊತ್ತುಮಾಡಿಕೊಳ್ಳಿ, ಆಮೇಲೆ ಕೈಹಾಕಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಉಪಯೋಗವಾಗಲಿಲ್ಲವೇ, ಅದನ್ನು ಮೊದಲಿದ್ದಂತೆ ಮಾಡಿ ಮುಂದಿನದಕ್ಕೆ ಹೋಗಿ.

ಎರಡು ಪ್ರಶ್ನೆ

ಅದೇ ವೈಫೈಯಲ್ಲಿ ಬೇರೆ ಫೋನ್ ಅಥವಾ ಲ್ಯಾಪ್‌ಟಾಪಿಗೆ ನೆಟ್ ಬರುತ್ತಿದೆಯೇ? ಬರುತ್ತಿದ್ದರೆ ರೂಟರನ್ನೂ ಅದರಾಚೆಗಿನದನ್ನೂ ಮುಟ್ಟಬೇಡಿ, ತೊಂದರೆ ನಿಮ್ಮ ಯಂತ್ರದಲ್ಲಿದೆ. ಪರೀಕ್ಷೆಗೆ ಫೋನ್ ಬಳಸುವಾಗ ಅದರ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲವಾದರೆ ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಮೊಬೈಲ್ ನೆಟ್‌ಗೆ ಹಾರಿ "ಎಲ್ಲ ಸರಿ ಇದೆ" ಎಂದು ನಂಬಿಸುತ್ತದೆ.

ಎರಡನೆಯದು: ಕೇಬಲ್ ಹಾಕಿದರೆ ಬರುತ್ತದೆಯೇ? ರೂಟರಿಗೆ ನೇರವಾಗಿ ಕೇಬಲ್ ಚುಚ್ಚಿದಾಗ ನೆಟ್ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ಕೆಟ್ಟಿದ್ದರೆ, ಹುಡುಕಾಟ ಅರ್ಧಕ್ಕಿಂತ ಹೆಚ್ಚು ಮುಗಿದಂತೆ.

ಕಂಪ್ಯೂಟರನ್ನೇ ಒಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯದೇ, ಆದರೆ ಶಟ್‌ಡೌನ್ ಮಾಡಿ ಆನ್ ಮಾಡಿದರೆ ಅದೇ ಫಲ ಸಿಗುವುದಿಲ್ಲ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವ್ಯವಸ್ಥೆಯ ಒಳತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕಿಗೆ ಬರೆದಿಟ್ಟುಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡ ಡ್ರೈವರ್ ಸಿಕ್ಕಿಹಾಕಿಕೊಂಡೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟಾಗಲೇ ಎಲ್ಲವೂ ಹೊಸದಾಗಿ ಶುರುವಾಗುವುದು. ಅನುಮಾನವಿದ್ದರೆ ಟಾಸ್ಕ್ ಮ್ಯಾನೇಜರಿನ (ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ) ಪರ್ಫಾರ್ಮೆನ್ಸ್ ಭಾಗದಲ್ಲಿ ಸಿಪಿಯು ಕೆಳಗೆ ಅಪ್‌ಟೈಮ್, ಅಂದರೆ ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬ ಲೆಕ್ಕ, ನೋಡಿ. ದಿನಾ ಆಫ್ ಮಾಡುವ ಕಂಪ್ಯೂಟರಿನಲ್ಲೂ ಅದು ಹಲವು ದಿನಗಳ ಲೆಕ್ಕ ತೋರಿಸುವುದುಂಟು.

ವಿಳಾಸ ನೋಡಿ, ಆಮೇಲೆ ಮೂರು ಪಿಂಗ್

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಎಂದು (ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ: ipconfig) ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ಎರಡು ಮುಖ್ಯ: ಐಪಿವಿ4 ಅಡ್ರೆಸ್, ಡಿಫಾಲ್ಟ್ ಗೇಟ್‌ವೇ. ಮೊದಲನೆಯದು ನಿಮ್ಮ ಕಂಪ್ಯೂಟರಿನ ವಿಳಾಸ, ಎರಡನೆಯದು ರೂಟರಿನದು. ಸಾಮಾನ್ಯವಾಗಿ 192.168ರಿಂದ ಅಥವಾ 10ರಿಂದ ಶುರುವಾಗುವ ಸಂಖ್ಯೆಗಳಿರುತ್ತವೆ.

ವಿಳಾಸ 169.254ರಿಂದ ಶುರುವಾಗಿದ್ದರೆ ಅಲ್ಲೇ ನಿಲ್ಲಿ. ನೆಟ್‌ವರ್ಕಿಗೆ ಸೇರಿದ ಯಂತ್ರ "ನನಗೊಂದು ವಿಳಾಸ ಕೊಡಿ" ಎಂದು ಕೇಳುತ್ತದೆ, ರೂಟರಿನೊಳಗಿನ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಕೊಡುತ್ತದೆ. ಉತ್ತರ ಬರದಿದ್ದಾಗ ವಿಂಡೋಸ್ ತಾನೇ 169.254 ಸಾಲಿನ ಒಂದು ವಿಳಾಸ ಹಾಕಿಕೊಳ್ಳುತ್ತದೆ. ಅಂದರೆ ವೈಫೈ ಗುರುತು ತುಂಬಿಕೊಂಡು ಕಂಡರೂ ನಿಮ್ಮ ಯಂತ್ರ ಮತ್ತು ರೂಟರಿನ ನಡುವೆ ಮಾತುಕತೆಯೇ ನಡೆದಿಲ್ಲ. ಕಾರಣಗಳು ಹೀಗಿರಬಹುದು: ಕೇಬಲ್ ಕೆಟ್ಟಿದೆ, ರೂಟರ್ ಹ್ಯಾಂಗ್ ಆಗಿದೆ, ಹಂಚಬೇಕಾದ ವಿಳಾಸಗಳೆಲ್ಲ ಖರ್ಚಾಗಿವೆ, ಅಥವಾ ಫೈರ್‌ವಾಲ್ ತಡೆಯುತ್ತಿದೆ. ಇಲ್ಲಿ ಡಿಎನ್‌ಎಸ್ ಬದಲಿಸಿ ಏನೂ ಪ್ರಯೋಜನವಿಲ್ಲ.

ವಿಳಾಸ ಸರಿಯಾಗಿದ್ದರೆ ಪಿಂಗ್ ಶುರುಮಾಡಿ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಕಮಾಂಡ್. ಮೊದಲು ಗೇಟ್‌ವೇಗೆ: ಪಿಂಗ್ (ping) ಎಂದು ಬರೆದು ಒಂದು ಜಾಗ ಬಿಟ್ಟು ರೂಟರಿನ ಸಂಖ್ಯೆ. ಕೇಬಲ್‌ನಲ್ಲಿದ್ದರೆ ಉತ್ತರ 1 ಮಿಲಿಸೆಕೆಂಡಿನೊಳಗೆ ಬರಬೇಕು, ಒಳ್ಳೆಯ ವೈಫೈಯಲ್ಲಿ 2ರಿಂದ 10. ಇಲ್ಲೇ 200, 500 ಎಂದು ಏರಿಳಿಯುತ್ತಿದ್ದರೆ ತೊಂದರೆ ವೈಫೈಯದು, ಸೇವಾ ಕಂಪನಿಗೆ ಫೋನ್ ಮಾಡುವ ಅಗತ್ಯವಿಲ್ಲ. ಎರಡನೆಯ ಪಿಂಗ್ 8.8.8.8ಕ್ಕೆ ಅಥವಾ 1.1.1.1ಕ್ಕೆ, ಇವು ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್‌ಎಸ್ ಸರ್ವರ್‌ಗಳು. ಗೇಟ್‌ವೇ ಉತ್ತರಿಸಿ ಇವೆರಡೂ ಉತ್ತರಿಸದಿದ್ದರೆ ರೂಟರಿನಿಂದಾಚೆ ತುಂಡಾಗಿದೆ. ಮೂರನೆಯದು ಯಾವುದಾದರೂ ಪರಿಚಿತ ವೆಬ್‌ಸೈಟಿನ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ "ಕುಡ್ ನಾಟ್ ಫೈಂಡ್ ಹೋಸ್ಟ್" ಎಂದರೆ ಡಿಎನ್‌ಎಸ್ ಕೆಟ್ಟಿದೆ.

ಪಿಂಗ್ ಕೊಡುವ ಉತ್ತರವನ್ನು ಪೂರ್ತಿ ಓದಬೇಕು. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂದರೆ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಹೋಗುವ ಡೇಟಾದ ತುಣುಕು) ಹೋಯಿತು, ಉತ್ತರ ಬರಲಿಲ್ಲ. ಆ ಕಡೆಯವರು ಪಿಂಗ್‌ಗೆ ಉತ್ತರಿಸದಂತೆ ತಡೆದಿದ್ದರೂ ಇದೇ ಬರುತ್ತದೆ, ಎಷ್ಟೋ ವೆಬ್‌ಸೈಟುಗಳು ಹಾಗೆ ಮಾಡುತ್ತವೆ. "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚೆಬಲ್" ಎಂದು ನಿಮ್ಮದೇ ವಿಳಾಸದಿಂದ ಬಂದರೆ ಅರ್ಥ ಬೇರೆ: ಆ ಸಂಖ್ಯೆಯ ಯಂತ್ರ ನಿಮ್ಮ ಲೋಕಲ್ ನೆಟ್‌ವರ್ಕಿನಲ್ಲಿ ಸಿಗಲೇ ಇಲ್ಲ. ತಮಾಷೆಯೆಂದರೆ ವಿಂಡೋಸ್ ಈ ಸಾಲನ್ನೂ ಉತ್ತರ ಬಂದಂತೆ ಎಣಿಸಿ ಕೊನೆಯಲ್ಲಿ 0% ಲಾಸ್ ಎಂದು ತೋರಿಸಿಬಿಡುತ್ತದೆ. ಕೊನೆಯ ಸಾಲು ಮಾತ್ರ ನೋಡುವವರು ಇಲ್ಲಿ ಮೋಸಹೋಗುತ್ತಾರೆ.

ಡಿಎನ್‌ಎಸ್ ಕೆಟ್ಟಿದ್ದರೆ ಐಪಿಕಾನ್ಫಿಗ್ ಪಕ್ಕ ಓರೆಗೆರೆ ಹಾಕಿ ಫ್ಲಶ್‌ಡಿಎನ್‌ಎಸ್ ಕೊಡಿ (ipconfig /flushdns), ಹಳೆಯ ನೆನಪು ಅಳಿಸುತ್ತದೆ. ಸಾಲದಿದ್ದರೆ ನೆಟ್‌ವರ್ಕ್ ಅಡಾಪ್ಟರಿನ (ವೈಫೈ ಅಥವಾ ಕೇಬಲ್ ಕಾರ್ಡ್) ಐಪಿವಿ4 ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಮತ್ತು 8.8.8.8 ಹಾಕಿ ನೋಡಿ. ಒಂದು ಎಚ್ಚರಿಕೆ: ಕಚೇರಿಯ ಕಂಪ್ಯೂಟರಿನಲ್ಲಿ ಹೀಗೆ ಬದಲಿಸಿದರೆ ಒಳಗಿನ ಸರ್ವರ್, ಪ್ರಿಂಟರ್‌ಗಳ ಹೆಸರುಗಳು ಸಿಗದೆ ಹೋಗುತ್ತವೆ, ಅವು ಕಚೇರಿಯ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತವೆ. ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ನೆಟ್ ಬರುತ್ತಿಲ್ಲವಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬುದನ್ನು ಆಟೊಮ್ಯಾಟಿಕ್‌ಗೆ ತಿರುಗಿಸಿ. ಜಾಹೀರಾತು ತಡೆಯಲೆಂದು ಯಾವಾಗಲೋ ಹಾಕಿದ ಸರ್ವರ್ ನಿಂತುಹೋದರೆ ಇಡೀ ಫೋನಿನ ನೆಟ್ ನಿಲ್ಲುತ್ತದೆ.

ಪಿಂಗ್ ಸರಿ, ಪುಟ ಮಾತ್ರ ತೆರೆಯುವುದಿಲ್ಲ

ಮೂರೂ ಪಿಂಗ್ ಪಾಸಾಗಿ ಬ್ರೌಸರ್ ಮಾತ್ರ ಕೈಕೊಟ್ಟರೆ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ದಿನಾಂಕ ತಪ್ಪಿದ್ದರೆ ಸುರಕ್ಷಿತ ವೆಬ್‌ಸೈಟುಗಳ ಪ್ರಮಾಣಪತ್ರ "ಇನ್ನೂ ಚಾಲ್ತಿಗೆ ಬಂದಿಲ್ಲ" ಅಥವಾ "ಅವಧಿ ಮುಗಿದಿದೆ" ಎಂದು ಬ್ರೌಸರ್ ತೀರ್ಮಾನಿಸಿ, ಸಂಪರ್ಕ ಖಾಸಗಿಯಲ್ಲ ಎಂಬ ಎಚ್ಚರಿಕೆ ತೋರಿಸುತ್ತದೆ. ಸರಿಪಡಿಸಿದ ಮೇಲೂ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟ್.

ಆಮೇಲೆ ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ಪುಟ ತಂದುಕೊಡುವ ನಡುವಿನ ಸರ್ವರ್. ವಿಪಿಎನ್ ಅಥವಾ ಯಾವುದೋ "ವೇಗ ಹೆಚ್ಚಿಸುವ" ಸಾಫ್ಟ್‌ವೇರ್ ತೆಗೆದುಹಾಕಿದ ಮೇಲೂ ಅದು ಹಾಕಿದ ಪ್ರಾಕ್ಸಿ ಸೆಟ್ಟಿಂಗ್ ಉಳಿದುಬಿಡುವುದು ತೀರಾ ಸಾಮಾನ್ಯ. ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ಪ್ರಾಕ್ಸಿ ತೆರೆದು, ಕೈಯಿಂದ ಹಾಕಿದ ಪ್ರಾಕ್ಸಿ ಆಫ್ ಇದೆಯೇ ನೋಡಿ.

ಇನ್ನೊಂದು ವಿಚಿತ್ರ ಲಕ್ಷಣವಿದೆ: ಕೆಲವು ಸೈಟುಗಳು ತಟ್ಟನೆ ತೆರೆಯುತ್ತವೆ, ಇನ್ನು ಕೆಲವು ಅರ್ಧಕ್ಕೆ ನಿಂತು ತಿರುಗುತ್ತಲೇ ಇರುತ್ತವೆ, ಯಾವಾಗಲೂ ಅವೇ ಸೈಟುಗಳು. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರದ ತೊಂದರೆಯಾಗಿರಬಹುದು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ ಗರಿಷ್ಠ 1500 ಬೈಟ್. ಯೂಸರ್‌ನೇಮ್ ಕೊಟ್ಟು ಸಂಪರ್ಕಿಸುವ ಪಿಪಿಪಿಒಇ ಸೇವೆಯಲ್ಲಿ 8 ಬೈಟ್ ಅದಕ್ಕೇ ಹೋಗಿ 1492 ಉಳಿಯುತ್ತದೆ. ರೂಟರಿನಲ್ಲಿ 1500 ಎಂದೇ ಇದ್ದು, "ಪ್ಯಾಕೆಟ್ ದೊಡ್ಡದಾಯಿತು" ಎಂಬ ಸೂಚನೆ ದಾರಿಯಲ್ಲಿ ಎಲ್ಲೋ ಕಳೆದುಹೋದರೆ, ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಸಾಯುತ್ತವೆ. ರೂಟರಿನ ವ್ಯಾನ್ (ಹೊರಗಿನ ಸಂಪರ್ಕದ) ಸೆಟ್ಟಿಂಗ್‌ನಲ್ಲಿ ಎಂಟಿಯು 1492 ಮಾಡಿದರೆ ಸರಿಹೋಗುತ್ತದೆ. ಅಪರೂಪದ ತೊಂದರೆಯಾದರೂ ಲಕ್ಷಣ ಗೊತ್ತಿಲ್ಲದಿದ್ದರೆ ದಿನಗಟ್ಟಲೆ ಕಾಡುತ್ತದೆ.

300 ಕೊಡುವ ಪ್ಲಾನ್, ಬರುವುದು 94

ವೇಗದ ದೂರು ಬಂದಾಗ ಮೊದಲು ಲೆಕ್ಕ ಸರಿಮಾಡಿಕೊಳ್ಳಬೇಕು. ಪ್ಲಾನ್ ಹೇಳುವುದು ಮೆಗಾಬಿಟ್, ಡೌನ್‌ಲೋಡ್ ಕಿಟಕಿ ತೋರಿಸುವುದು ಬಹುಪಾಲು ಮೆಗಾಬೈಟ್. ಎಂಟರಿಂದ ಭಾಗಿಸಿ: 100 ಮೆಗಾಬಿಟ್ ಅಂದರೆ ಸೆಕೆಂಡಿಗೆ 12.5 ಮೆಗಾಬೈಟ್, ನಡುವಿನ ಖರ್ಚು ಕಳೆದು 11ರಿಂದ 12 ಬಂದರೆ ಪೂರ್ತಿ ವೇಗವೇ.

ಲೆಕ್ಕ ಸರಿಯಿದ್ದೂ 200 ಅಥವಾ 300 ಮೆಗಾಬಿಟ್ ಪ್ಲಾನಿನಲ್ಲಿ ಎಷ್ಟು ಸಲ ಅಳೆದರೂ 93, 94, 95 ಎಂದೇ ಬರುತ್ತಿದ್ದರೆ ಅಪರಾಧಿ ಬಹುತೇಕ ಖಚಿತ. ದಾರಿಯಲ್ಲಿ ಎಲ್ಲೋ ಒಂದು ಕೊಂಡಿ 100 ಮೆಗಾಬಿಟ್‌ನಲ್ಲಿ ಓಡುತ್ತಿದೆ. ಈಥರ್‌ನೆಟ್ ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, 1, 2, 3 ಮತ್ತು 6ನೇ ಪಿನ್. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಉಳಿದ 4, 5, 7, 8ರಲ್ಲಿ ಒಂದು ತಂತಿ ಒಳಗೆ ಮುರಿದಿದ್ದರೂ, ಕನೆಕ್ಟರಿನಲ್ಲಿ ಪಿನ್ ಸರಿಯಾಗಿ ಕೂತಿಲ್ಲದಿದ್ದರೂ ಎರಡು ಕಡೆಯ ಯಂತ್ರಗಳು ಮಾತಾಡಿಕೊಂಡು 100ಕ್ಕೆ ಇಳಿದುಬಿಡುತ್ತವೆ. ಲೈಟ್ ಮಿನುಗುತ್ತಿರುತ್ತದೆ, ನೆಟ್ ಬರುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅಡಾಪ್ಟರಿನ ವಿವರದಲ್ಲಿ ಲಿಂಕ್ ಸ್ಪೀಡ್ 100/100 ಎಂದಿದೆಯೇ ನೋಡಿ. ಇದ್ದರೆ ಕೇಬಲ್ ಬದಲಿಸಿ ಮತ್ತೆ ನೋಡಿ, 1000/1000 ಆಗಬೇಕು.

ಹೊಸ ಕೇಬಲ್ ತರುವ ಬದಲು ತುದಿ ಹೊಸದಾಗಿ ಕ್ರಿಂಪ್ ಮಾಡುವುದಾದರೆ ಬಣ್ಣದ ಕ್ರಮ ಇದು, ಲಾಕ್ ಕೆಳಗಡೆ ಇಟ್ಟು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮೂರು ಮತ್ತು ಆರನೇ ಜಾಗದಲ್ಲಿ ಹಸಿರು ಜೋಡಿ ಬೇರೆಯಾಗಿ ಕೂರುವುದು ತಪ್ಪಲ್ಲ, ಇರಬೇಕಾದ್ದೇ ಹಾಗೆ. ಎರಡೂ ತುದಿ ಒಂದೇ ರೀತಿ ಇದ್ದರೆ ಸಾಕೆಂದು ಜೋಡಿ ಜೋಡಿಯಾಗಿ ಸಾಲಾಗಿ ಹಾಕಿದವರ ಕೇಬಲ್ ಟೆಸ್ಟರಿನಲ್ಲಿ ಪಾಸಾಗುತ್ತದೆ, ಉದ್ದ ಹೆಚ್ಚಾದಂತೆ ಕೆಲಸದಲ್ಲಿ ಫೇಲಾಗುತ್ತದೆ. ಜೊತೆಯಲ್ಲೇ ಹೆಣೆದ ಎರಡು ತಂತಿಗಳು ಒಂದೇ ಸಿಗ್ನಲ್ ಒಯ್ಯಬೇಕು, ಇಲ್ಲವಾದರೆ ಪಕ್ಕದ ಜೋಡಿಯ ಗದ್ದಲ ಒಳಗೆ ನುಗ್ಗುತ್ತದೆ. ಹೊರಕವಚ ಕನೆಕ್ಟರಿನ ಒಳಗೆ ಬರುವಂತೆ ಒತ್ತಿ, ತಂತಿಗಳ ಹೆಣಿಗೆಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಒಟ್ಟು ಉದ್ದ 100 ಮೀಟರ್ ದಾಟಬಾರದು.

ಇನ್ನೊಂದು ಬಗೆಯ ನಿಧಾನ ಸ್ಪೀಡ್ ಟೆಸ್ಟಿನಲ್ಲಿ ಕಾಣುವುದಿಲ್ಲ. ಅಳೆದರೆ ವೇಗ ಪೂರ್ತಿ ಇದೆ, ಆದರೆ ವಿಡಿಯೊ ಕಾಲ್ ಮಾಡುವಾಗ ಮಾತು ಮುರಿಯುತ್ತದೆ, ಆಟದಲ್ಲಿ ತಡವಾಗುತ್ತದೆ. 8.8.8.8ಕ್ಕೆ ಪಿಂಗ್ ಬಿಟ್ಟುಕೊಂಡು (ಕೊನೆಯಲ್ಲಿ ಜಾಗ ಬಿಟ್ಟು ಅಡ್ಡಗೆರೆ, ಟಿ ಅಕ್ಷರ ಸೇರಿಸಿದರೆ ನಿಲ್ಲಿಸುವವರೆಗೂ ಓಡುತ್ತದೆ) ಅದೇ ಹೊತ್ತಿಗೆ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. 20ರಲ್ಲಿದ್ದ ಪಿಂಗ್ 300, 400ಕ್ಕೆ ಹಾರಿದರೆ ರೂಟರಿನ ಕಾಯುವ ಸಾಲು ಉದ್ದವಾಗುತ್ತಿದೆ ಎಂದರ್ಥ. ಯಾರದೋ ಫೋನ್ ಫೋಟೊಗಳನ್ನು ಕ್ಲೌಡ್‌ಗೆ ಕಳಿಸುತ್ತಿರುವುದು ಮಾಮೂಲಿ ಕಾರಣ. ಆ ಆ್ಯಪ್‌ನಲ್ಲಿ ಅಪ್‌ಲೋಡಿಗೆ ಮಿತಿ ಹಾಕಿ. ರೂಟರಿನಲ್ಲಿ ಎಸ್‌ಕ್ಯೂಎಂ (ಕಾಯುವ ಸಾಲು ಉದ್ದವಾಗದಂತೆ ನೋಡಿಕೊಳ್ಳುವ ಸೌಲಭ್ಯ) ಇದ್ದರೆ ನಿಜವಾದ ಅಪ್‌ಲೋಡ್ ವೇಗದ 85ರಿಂದ 90%ಗೆ ಮಿತಿ ಕೊಡಿ. ಹೆಚ್ಚು ವೇಗದ ಪ್ಲಾನಿಗೆ ಹೋಗುವುದು ಇದಕ್ಕೆ ನೇರ ಔಷಧವಲ್ಲ.

ವೈಫೈ

ವೈಫೈ ಗುರುತಿನ ನಾಲ್ಕು ಗೆರೆಗಳನ್ನು ನಂಬಬೇಡಿ. ಫೋನಿನ ವೈಫೈ ಅನಲೈಸರ್ ಆ್ಯಪ್ ಸಿಗ್ನಲಿನ ಬಲವನ್ನು ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಬಹಳ ಚೆನ್ನ, ಮೈನಸ್ 67ರವರೆಗೆ ವಿಡಿಯೊ ಕಾಲ್ ನಿರಾತಂಕ, ಮೈನಸ್ 75 ದಾಟಿದರೆ ಕಷ್ಟ, ಮೈನಸ್ 80ರಲ್ಲಿ ಕನೆಕ್ಷನ್ ಇದ್ದೂ ಇಲ್ಲದಂತೆ.

2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಜಾಗ ಕಡಿಮೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಖಾಲಿ ಕಂಡಿತೆಂದು 3 ಅಥವಾ 8 ಹಾಕಿಕೊಂಡರೆ ಎರಡು ಕಡೆಯ ಗದ್ದಲವೂ ನಿಮ್ಮ ಪಾಲಿಗೆ. ಚಾನೆಲಿನ ಅಗಲ 20 ಮೆಗಾಹರ್ಟ್ಸ್‌ನಲ್ಲೇ ಇರಲಿ. ಮೈಕ್ರೊವೇವ್ ಒಲೆ ಇದೇ ತರಂಗಪಟ್ಟಿಯಲ್ಲಿ ಕೆಲಸ ಮಾಡುವುದರಿಂದ ಅದು ಓಡುವಾಗ ಮಾತ್ರ ನೆಟ್ ಮುರಿಯುವುದುಂಟು. ಹತ್ತಿರವಿದ್ದಾಗ 5 ಗಿಗಾಹರ್ಟ್ಸ್ ಬಳಸಿ. ಅದು ಆಗಾಗ ಒಂದು ನಿಮಿಷ ಮಾಯವಾಗಿ ತಾನೇ ವಾಪಸ್ ಬರುತ್ತಿದ್ದರೆ ಚಾನೆಲ್ 52ರಿಂದ 144ರ ನಡುವೆ ಇದೆಯೇ ನೋಡಿ. ಆ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ರಾಡಾರ್ ಇದೆಯೆಂದು ಅನಿಸಿದರೆ ರೂಟರ್ ನಿಯಮದಂತೆ ಜಾಗ ಖಾಲಿಮಾಡಿ ಬೇರೆಡೆಗೆ ಹೋಗಬೇಕು. 36ರಿಂದ 48ರೊಳಗೆ ಒಂದನ್ನು ಕೈಯಿಂದ ಆರಿಸಿದರೆ ನಿಲ್ಲುತ್ತದೆ.

ಗಮನಕ್ಕೆ ಬಾರದ ಇನ್ನೊಂದು ಕಾರಣ ಯುಎಸ್‌ಬಿ 3.0. ಅದರ ಕೇಬಲ್ ಮತ್ತು ಪೋರ್ಟಿನಿಂದ ಹೊಮ್ಮುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದ ಕೂಡಲೇ ವೈರ್‌ಲೆಸ್ ಮೌಸ್ ತಡವರಿಸಿ, ವೈಫೈ ನಿಧಾನವಾದರೆ ಮೌಸ್ ಕೆಟ್ಟಿಲ್ಲ. ಮೌಸಿನ ಡಾಂಗಲನ್ನು ಮೋಟು ಎಕ್ಸ್‌ಟೆನ್ಷನ್ ಕೇಬಲಿನಲ್ಲಿ ಡಿಸ್ಕಿನಿಂದ ದೂರ ಎಳೆಯಿರಿ, ವೈಫೈಯನ್ನು 5ಕ್ಕೆ ಬದಲಿಸಿ.

ಸಿಗ್ನಲ್ ಸತ್ತ ಕೋಣೆಯಲ್ಲೇ ಎಕ್ಸ್‌ಟೆಂಡರ್ ಇಡುವುದು ಎಲ್ಲೆಡೆ ಕಾಣುವ ತಪ್ಪು. ತನಗೇ ಸಿಗದ ಸಿಗ್ನಲನ್ನು ಅದು ಮುಂದಕ್ಕೆ ಕೊಡಲಾರದು, ಅರ್ಧ ದಾರಿಯಲ್ಲಿಡಬೇಕು. ಹಳೆಯ ರೂಟರನ್ನು ಕೇಬಲಿನಿಂದ ಜೋಡಿಸಿ ಬಳಸುವುದು ಇನ್ನೂ ಒಳ್ಳೆಯದು, ಆದರೆ ಅದರ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು 192.168.1.2ರಂತೆ ಮುಖ್ಯ ರೂಟರಿಗಿಂತ ಬೇರೆ ಮಾಡಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ (ಒಳಗಿನ ಯಂತ್ರಗಳ) ಪೋರ್ಟಿಗೆ ಚುಚ್ಚಬೇಕು. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ರೂಟರ್‌ಗಳು ವಿಳಾಸ ಹಂಚತೊಡಗುತ್ತವೆ. ಕೆಲವರಿಗೆ ನೆಟ್ ಇದೆ, ಕೆಲವರಿಗಿಲ್ಲ, ನಾಳೆ ಬೇರೆ ಕೆಲವರಿಗಿಲ್ಲ. ಇಂಥ ಗೊಂದಲ ಕಂಡರೆ ನೆಟ್ ಇರುವ ಮತ್ತು ಇಲ್ಲದ ಎರಡು ಯಂತ್ರಗಳ ಗೇಟ್‌ವೇ ಹೋಲಿಸಿ.

ಪ್ರಿಂಟರ್ ಇದ್ದಕ್ಕಿದ್ದಂತೆ ಆಫ್‌ಲೈನ್ ಆಗುವುದಕ್ಕೂ ಹಲವು ಸಲ ವಿಳಾಸವೇ ಕಾರಣ: ರೂಟರ್ ರೀಸ್ಟಾರ್ಟ್ ಆದಾಗ ಪ್ರಿಂಟರಿಗೆ ಬೇರೆ ಸಂಖ್ಯೆ ಸಿಕ್ಕಿರುತ್ತದೆ. ರೂಟರಿನಲ್ಲಿ ಅದಕ್ಕೊಂದು ವಿಳಾಸ ಕಾಯ್ದಿರಿಸಿ.

ಫೈಬರ್ ಪೆಟ್ಟಿಗೆಯ ಲೈಟುಗಳು

ಎರಡನೆಯ ಪಿಂಗ್ ಫೇಲಾದರೆ ನೋಡಬೇಕಾದ್ದು ಇವನ್ನು. ಪಾನ್ (PON) ಲೈಟ್ ಹಸಿರಾಗಿ ನಿಂತಿದ್ದರೆ ಫೈಬರ್ ಸರಿ, ಮಿನುಗುತ್ತಿದ್ದರೆ ಆ ಕಡೆಯ ಯಂತ್ರದ ಜೊತೆ ನೋಂದಣಿಗೆ ಒದ್ದಾಡುತ್ತಿದೆ. ಲಾಸ್ (LOS) ಎಂಬ ಲೈಟ್ ಕೆಂಪಾದರೆ ಬೆಳಕೇ ತಲುಪುತ್ತಿಲ್ಲ, ಯಾವ ಸೆಟ್ಟಿಂಗೂ ಇದನ್ನು ಸರಿಮಾಡದು. ತೆಳ್ಳಗಿನ ಹಳದಿ ಅಥವಾ ಬಿಳಿ ಕೇಬಲ್ ಮೇಜಿನ ಕಾಲಿನಡಿ ಸಿಕ್ಕಿದೆಯೇ, ಬಿಗಿಯಾಗಿ ಮಡಿಸಿ ಕಟ್ಟಿದ್ದಾರೆಯೇ ನೋಡಿ. ಹಸಿರು ಕನೆಕ್ಟರನ್ನು ಸುಮ್ಮನೆ ಕೀಳಬೇಡಿ, ಕಣ್ಣಿಗೆ ಕಾಣದ ಧೂಳು ಕೂಡ ಬೆಳಕು ತಡೆಯುತ್ತದೆ. ತುದಿಯೊಳಗೆ ಇಣುಕಿ ನೋಡಲೇಬೇಡಿ. ಅಲ್ಲಿ ಬರುವುದು ಅವಗೆಂಪು ಲೇಸರ್, ಕಣ್ಣಿಗೆ ಕಾಣುವುದಿಲ್ಲ.

ಪೆಟ್ಟಿಗೆಯ ಸೆಟ್ಟಿಂಗ್ ಪುಟದಲ್ಲಿ ಆಪ್ಟಿಕಲ್ ಎಂಬಲ್ಲಿ ಆರ್‌ಎಕ್ಸ್ ಪವರ್, ಅಂದರೆ ಪೆಟ್ಟಿಗೆಗೆ ಬರುತ್ತಿರುವ ಬೆಳಕಿನ ಬಲ, ಸಿಗುತ್ತದೆ. ಸಾಮಾನ್ಯ ಜಿಪಾನ್ (ಮನೆಗಳಿಗೆ ಬರುವ ಫೈಬರಿನ ಒಂದು ಬಗೆ) ಸಂಪರ್ಕದಲ್ಲಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ನೆಟ್ ಚೆನ್ನಾಗಿರುವ ದಿನವೇ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರತಿ 3 ಡಿಬಿ ಇಳಿಕೆಗೆ ಬೆಳಕು ಅರ್ಧವಾಗುತ್ತದೆ. ಮೈನಸ್ 19 ಇದ್ದದ್ದು ಮೈನಸ್ 26 ಆಗಿದ್ದರೆ ಐದರಲ್ಲಿ ಒಂದು ಪಾಲು ಮಾತ್ರ ಬರುತ್ತಿದೆ. "ನೆಟ್ ಆಗಾಗ ಹೋಗುತ್ತದೆ" ಎನ್ನುವುದಕ್ಕಿಂತ ಈ ಎರಡು ಸಂಖ್ಯೆ ಹೇಳಿ ದೂರು ಕೊಟ್ಟರೆ ಬರುವ ತಂತ್ರಜ್ಞ ನೇರ ಫೈಬರ್ ಪರೀಕ್ಷಿಸುತ್ತಾನೆ.

ಕಂಪ್ಯೂಟರೇ ನಿಧಾನ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನಿಧಾನವಾಗಿರುವ ಹೊತ್ತಿನಲ್ಲೇ ನೋಡಬೇಕು. ಮೆಮೊರಿ 90% ದಾಟಿದ್ದರೆ ರ್ಯಾಮ್ ಸಾಲುತ್ತಿಲ್ಲ, 50%ರಲ್ಲೇ ಇದ್ದರೆ ರ್ಯಾಮ್ ಹೆಚ್ಚಿಸಿ ಲಾಭವಿಲ್ಲ. ಡಿಸ್ಕ್ 100% ಇದ್ದು ಓದುತ್ತಿರುವುದು ಸೆಕೆಂಡಿಗೆ 1-2 ಮೆಗಾಬೈಟ್ ಮಾತ್ರವಾದರೆ ಅದು ತಿರುಗುವ ಹಾರ್ಡ್ ಡಿಸ್ಕಿನ ಮಿತಿ. ಚೂರುಚೂರು ಫೈಲುಗಳಿಗಾಗಿ ಅದರ ಮುಳ್ಳು ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗುತ್ತದೆ. ಎಸ್‌ಎಸ್‌ಡಿ ಹಾಕಿದರೆ ಹಳೆಯ ಕಂಪ್ಯೂಟರೂ ಬೇರೆಯೇ ಆಗುತ್ತದೆ, ಇದಕ್ಕೆ ಸಮನಾದ ಬೇರೆ ಅಪ್‌ಗ್ರೇಡ್ ಇಲ್ಲ.

ಸಿಪಿಯು 100% ಇದ್ದು ಅದರ ವೇಗ ಮಾತ್ರ 0.8 ಗಿಗಾಹರ್ಟ್ಸ್ ಎಂಬಂತೆ ಬೇಸ್ ಸ್ಪೀಡಿಗಿಂತ ಬಹಳ ಕೆಳಗಿದ್ದರೆ ಪ್ರೊಸೆಸರ್ ತನ್ನನ್ನು ತಾನೇ ಹಿಡಿದುಕೊಂಡಿದೆ. ಕಾರಣ ಶಾಖ, ಅಥವಾ ಲ್ಯಾಪ್‌ಟಾಪ್ ಗುರುತಿಸದ ಕಡಿಮೆ ಶಕ್ತಿಯ ಚಾರ್ಜರ್. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿದಾಗ ವೇಗ ಹೆಚ್ಚಾದರೆ ಚಾರ್ಜರಿನದೇ ತಪ್ಪು. ಧೂಳು ಊದುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ, ಗಾಳಿಗೆ ಅತಿವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಡಿಸ್ಕ್ ಸಾಯುವ ಮುನ್ನ ಸೂಚನೆ ಕೊಡುವುದುಂಟು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಧನದಲ್ಲಿ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ತೆರೆದು 05, ಸಿ5, ಸಿ6 ಸಾಲುಗಳ ಕಚ್ಚಾ ಸಂಖ್ಯೆ ನೋಡಿ. ಸೊನ್ನೆಯಿರಬೇಕು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಓದಲಾಗದ ಸೆಕ್ಟರ್‌ಗಳು ಹೆಚ್ಚುತ್ತಿವೆ, ಅಂದೇ ಬ್ಯಾಕಪ್ ತೆಗೆದುಕೊಳ್ಳಿ. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಸಾಡುವ ಮುನ್ನ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ, ಅದು ಕೇಬಲಿನಲ್ಲಿ ಡೇಟಾ ಕೆಡುವುದರ ಲೆಕ್ಕ. ಟಕ್ ಟಕ್ ಶಬ್ದ ಬರುವ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ (ವಿಂಡೋಸಿನ ಡಿಸ್ಕ್ ರಿಪೇರಿ ಕಮಾಂಡ್) ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಓದಲು ಹೋಗಿ ಉಳಿದ ಆಯಸ್ಸನ್ನೂ ತಿಂದುಬಿಡುತ್ತದೆ. ಮೊದಲು ಬೇಕಾದ ಫೈಲ್ ನಕಲು, ರಿಪೇರಿ ಆಮೇಲೆ.

ನೀಲಿ ಪರದೆ, ಕಪ್ಪು ಪರದೆ

ವಿಂಡೋಸ್ ಕುಸಿದು ಒಮ್ಮೆ ಬಂದ ನೀಲಿ ಪರದೆಯನ್ನು (ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಲ್ಲಿ ಅದೂ ಕಪ್ಪು) ಮರೆತುಬಿಡಿ. ಪದೇ ಪದೇ ಬರುತ್ತಿದ್ದರೆ ಪ್ರತಿ ಸಲ ಅದರ ಮೇಲೆ ಕಾಣುವ ಸ್ಟಾಪ್ ಕೋಡ್ ಫೋಟೊ ತೆಗೆದಿಡಿ. ಒಂದೇ ಕೋಡ್, ಒಂದೇ ಡ್ರೈವರ್ ಫೈಲಿನ ಹೆಸರು ಮರುಕಳಿಸಿದರೆ ಆ ಡ್ರೈವರ್ ಅನುಮಾನಾಸ್ಪದ. ಪ್ರತಿ ಸಲ ಬೇರೆ ಬೇರೆ ಕೋಡ್ ಬಂದರೆ ರ್ಯಾಮ್ ಪರೀಕ್ಷಿಸಿ. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಎಂಬ ರ್ಯಾಮ್ ಪರೀಕ್ಷೆಯ ಸಾಫ್ಟ್‌ವೇರ್ ರಾತ್ರಿಯಿಡೀ ಓಡಲಿ. ಒಂದೇ ಒಂದು ದೋಷ ಬಂದರೂ ದೋಷವೇ, "ಒಂದೇ ತಾನೆ" ಎನ್ನುವಂತಿಲ್ಲ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ರ್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೌಲಭ್ಯ, ಆನ್ ಇದ್ದರೆ ಆಫ್ ಮಾಡಿ ಮತ್ತೆ ಓಡಿಸಿ. ಆಗ ದೋಷ ನಿಂತರೆ ರ್ಯಾಮ್ ಹೊಸದು ಬೇಕಿಲ್ಲ, ವೇಗ ಇಳಿಸಿದರೆ ಸಾಕು. ವಿಂಡೋಸಿನ ಘಟನೆಗಳ ದಾಖಲೆಯಾದ ಇವೆಂಟ್ ವ್ಯೂವರಿನಲ್ಲಿ ಕಾಣುವ ಕರ್ನಲ್-ಪವರ್ 41 ನೋಡಿ ಪವರ್ ಸಪ್ಲೈ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ನಿಂತಿತ್ತು ಎಂದಷ್ಟೇ ಅದು ಹೇಳುತ್ತದೆ, ಯಾಕೆಂದು ಹೇಳುವುದಿಲ್ಲ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಮೊದಲು ಮಾನಿಟರ್ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪಿನಲ್ಲಿ ಅದನ್ನು ಕಾರ್ಡಿಗೇ ಚುಚ್ಚಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ಅದು ಸರಿಯಿದ್ದರೆ ಪ್ಲಗ್ ತೆಗೆದು, ಪವರ್ ಗುಂಡಿ ಹತ್ತು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಖಾಲಿಮಾಡಿ, ರ್ಯಾಮ್‌ಗಳನ್ನೆಲ್ಲ ಬಿಚ್ಚಿ ಒಂದನ್ನು ಮಾತ್ರ ಹಾಕಿ. ನಾಲ್ಕು ಸ್ಲಾಟ್ ಇರುವ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು ಸರಿಯಾದ ಜಾಗ. ಲಾಕ್ ಟಕ್ಕೆಂದು ಕೂರುವವರೆಗೆ ಒತ್ತಿ, ಅರ್ಧ ಕೂತ ರ್ಯಾಮ್ ಈ ತೊಂದರೆಗೆ ಅತಿ ಸಾಮಾನ್ಯ ಕಾರಣ. ಡಿಡಿಆರ್5 ಬೋರ್ಡಾದರೆ ರ್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಅದು ಮೆಮೊರಿಯ ಸಮಯ ಹೊಂದಿಸಿಕೊಳ್ಳುತ್ತಾ ಹಲವು ನಿಮಿಷ ಕಪ್ಪಾಗಿಯೇ ಇರಬಹುದು. ಸತ್ತಿತೆಂದು ನಡುವೆ ಆಫ್ ಮಾಡಿದರೆ ಅಷ್ಟೂ ಮತ್ತೆ ಮೊದಲಿನಿಂದ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿದು, ಚಾರ್ಜರ್ ಮಾತ್ರ ಜೋಡಿಸಿ ಆನ್ ಮಾಡಿ. ಆನ್ ಆಗಿ ಪರದೆ ಮಾತ್ರ ಬರದಿದ್ದರೆ ಬೇರೆ ಮಾನಿಟರಿಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಪರದೆ ಅಥವಾ ಅದರ ತೆಳು ಕೇಬಲ್, ಮದರ್‌ಬೋರ್ಡ್ ಅಲ್ಲ.